ಮುಯ್ಯಿ: ಸೂಳೆಕೆರೆ ಸೀಮೆಯ ನೆರೆಹೊರೆಯ ಲೆಕ್ಕ

ಕನ್ನಡದ ಹಳೆಯ ಪದಗಳಲ್ಲಿ ‘ಮುಯ್ಯಿ’ ಎಂಬುದು ಸೋಜಿಗದ ಪದ. ಮದುವೆಯ ಮನೆಯಲ್ಲಿ ಕೊಡುವ ಉಡುಗೊರೆ ಮುಯ್ಯಿ. ಪಡೆದ ಉಪಕಾರಕ್ಕೆ ಪ್ರತಿಯಾಗಿ ಮಾಡುವ ಉಪಕಾರವೂ ಮುಯ್ಯಿ. ಹಗೆ ಸಾಧಿಸಿದವನ ಬಗ್ಗೆಯೂ ಜನ ‘ಮುಯ್ಯಿ ತೀರಿಸಿಕೊಂಡ’ ಎಂದೇ ಹೇಳುತ್ತಾರೆ. ಕೊಡುವುದಕ್ಕೂ ಕೆಡಿಸುವುದಕ್ಕೂ ಒಂದೇ ಮಾತನ್ನು ಇಟ್ಟುಕೊಂಡ ನಮ್ಮ ಪೂರ್ವಿಕರಿಗೆ ಪದಗಳ ಬಡತನವೇನೂ ಇರಲಿಲ್ಲ. ನೆರೆಹೊರೆಯವರ ನಡುವೆ ಲೆಕ್ಕವೊಂದು ಸದಾ ನಡೆಯುತ್ತಿರುತ್ತದೆ, ಅದು ಯಾವ ಕಡೆಗಾದರೂ ತಿರುಗಬಲ್ಲುದು ಎಂಬುದನ್ನು ಅವರು ಬಲ್ಲವರಾಗಿದ್ದರು. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ ಹಾಗೂ ಸೂಳೆಕೆರೆಯ ಸುತ್ತಲಿನ ಹಳ್ಳಿಗಳ ಸಹಬಾಳ್ವೆಯನ್ನು ಇತಿಹಾಸದ ಬೆಳಕಿನಲ್ಲಿ ನೋಡಲು ಹೊರಟಾಗ ನಮಗೆ ಈ ಪದವೇ ದಾರಿ ತೋರಿಸಿತು.

ಮುಯ್ಯಾಳಿನ ಪದ್ಧತಿ ಹಿರಿಯರಿಗೆಲ್ಲ ಗೊತ್ತು. ಇಂದು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯ ಇಬ್ಬರು ಬಂದರೆ, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯ ಇಬ್ಬರು ಬರಬೇಕು. ಕೂಲಿಯ ಮಾತಿಲ್ಲ. ದಿನಕ್ಕೆ ದಿನ, ಆಳಿಗೆ ಆಳು, ಜೋಡೆತ್ತಿಗೆ ಜೋಡೆತ್ತು. ಕಣದಲ್ಲಿ ರಾಗಿಯ ತೆನೆ ಹರಡಿ ರೋಣಗಲ್ಲು ಎಳೆಯುವ ಕಾಲಕ್ಕೆ, ಬಣವೆ ಒಟ್ಟುವಾಗ, ಮನೆಯ ಮಾಳಿಗೆಗೆ ತೊಲೆ ಏರಿಸುವಾಗ ಒಂದು ಕುಟುಂಬದ ಕೈಗಳು ಸಾಲುತ್ತಿರಲಿಲ್ಲ. ಮೋಡ ಕವಿದ ದಿನ ಕಣದಲ್ಲಿ ಕಾಳು ಬಿದ್ದಿದ್ದರೆ ಪಕ್ಕದ ಹೊಲದವನನ್ನು ಕರೆಯಲೇಬೇಕು, ಅವನೊಡನೆ ಬದುವಿನ ವ್ಯಾಜ್ಯವಿದ್ದರೂ ಸರಿ. ಹಾಗೆ ಕರೆದಾಗ ಅವನು ಬರುತ್ತಿದ್ದನು, ಏಕೆಂದರೆ ಮುಂದಿನ ಮೋಡ ಅವನ ಕಣದ ಮೇಲೆ ಕವಿಯಬಹುದು. ಇದನ್ನು ಕೇವಲ ಔದಾರ್ಯವೆಂದು ಹೊಗಳುವುದು ಚರಿತ್ರೆಗೆ ನ್ಯಾಯವಲ್ಲ ಎಂದು ನಮ್ಮ ಭಾವನೆ. ಅದು ಅಗತ್ಯದಿಂದ ಹುಟ್ಟಿ ಅಭ್ಯಾಸದಿಂದ ಗಟ್ಟಿಯಾದ ಶಿಸ್ತು. ಜಗಳವನ್ನು ಮುಗಿಸುವ ಶಕ್ತಿ ಅದಕ್ಕಿರಲಿಲ್ಲ. ಜಗಳವಿದ್ದೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಶಕ್ತಿ ಇತ್ತು.

ಈ ಸೀಮೆಯಲ್ಲಿ ಅಗತ್ಯದ ದೊಡ್ಡ ಹೆಸರು ನೀರು. ಕೆರೆಬಿಳಚಿಯ ಹೆಸರಿನಲ್ಲೇ ಕೆರೆಯಿದೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಏರಿ ಕಟ್ಟಿ ಹರಿದ್ರಾ ಹೊಳೆಯನ್ನು ತಡೆದು ನಿಲ್ಲಿಸಿದ ಸೂಳೆಕೆರೆ ಏಷ್ಯಾ ಖಂಡದ ಎರಡನೆಯ ದೊಡ್ಡ ಕೆರೆ ಎಂಬ ಪ್ರತೀತಿ ಪಡೆದಿದೆ. ಇಲ್ಲಿಂದ ಹೊರಟ ಹರಿದ್ರಾ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಸರಕಾರಿ ಕಾಗದಗಳಲ್ಲಿ ಇದು ‘ಶಾಂತಿಸಾಗರ’. ಹಳೆಯ ಹೆಸರನ್ನು ಉಚ್ಚರಿಸಲು ಸಂಕೋಚಪಡುವವರಿದ್ದಾರೆ. ಆದರೆ ಜನರ ಬಾಯಲ್ಲಿ ಉಳಿದಿರುವ ಐತಿಹ್ಯವನ್ನು ಕೇಳಿದವರಿಗೆ ಆ ಸಂಕೋಚ ಉಳಿಯಲಾರದು. ಶಾಂತವ್ವ ಎಂಬ ರಾಜಕುಮಾರಿ ಕೆರೆ ಕಟ್ಟಿಸಲು ಮುಂದಾದಾಗ ಆ ಜಾಗದಲ್ಲಿ ವೇಶ್ಯೆಯರ ವಸತಿಯಿತ್ತಂತೆ. ಕೆರೆಗೆ ತಮ್ಮ ಹೆಸರಿಡುವುದಾದರೆ ನೆಲ ಬಿಟ್ಟುಕೊಡುತ್ತೇವೆ ಎಂದು ಅವರು ಷರತ್ತು ಹಾಕಿದರಂತೆ. ಇದು ಶಾಸನದ ಮಾತಲ್ಲ, ಜನರ ನೆನಪಿನ ಮಾತು. ಆದರೂ ಊರು ಯಾರನ್ನು ಮುಖ ಕೊಟ್ಟು ಮಾತನಾಡಿಸುತ್ತಿರಲಿಲ್ಲವೋ ಅವರ ನೆಲದ ಮೇಲೆ ನಿಂತ ನೀರನ್ನೇ ಊರೆಲ್ಲ ಕುಡಿಯಿತು ಎಂಬುದನ್ನು ಜನ ಮರೆಯದೆ ಹೆಸರಿನಲ್ಲಿ ಉಳಿಸಿಕೊಂಡರು. ನಮಗಂತೂ ಹಳೆಯ ಹೆಸರೇ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

ಈ ಕೆರೆಯಿಂದ ಸಿದ್ಧನಾಲೆ, ಬಸವನಾಲೆ ಎಂಬ ಎರಡು ಕಾಲುವೆಗಳು ಹೊರಡುತ್ತವೆ. ಕೆರೆ ನೀರಾವರಿಯ ಊರುಗಳಲ್ಲಿ ತೂಬು ತೆರೆದು ಮುಚ್ಚುವವನು, ಯಾರ ಮಡಿಗೆ ಯಾವಾಗ ನೀರು ಎಂದು ನೋಡಿಕೊಳ್ಳುವವನು ನೀರುಗಂಟಿ. ಅವನಿಗೆ ಸಲ್ಲುತ್ತಿದ್ದುದು ಸುಗ್ಗಿಯಲ್ಲಿ ಪ್ರತಿ ಮನೆಯ ಕಣದಿಂದ ಇಷ್ಟು ಕಾಳು. ಎಲ್ಲರ ಕಣದಿಂದಲೂ ಪಡೆಯುವವನು ಯಾರೊಬ್ಬರ ಆಳೂ ಆಗಲಾರನು ಎಂಬ ಜಾಣತನ ಈ ಏರ್ಪಾಟಿನಲ್ಲಿತ್ತು. ಕಾಲುವೆಯ ಹೂಳನ್ನು ಆಯಾ ಹೊಲದವರು ತಮ್ಮ ತಮ್ಮ ಪಾಲಿನಂತೆ ತೆಗೆಯಬೇಕು. ತಲೆಭಾಗದವನು ತೆಗೆಯದಿದ್ದರೆ ಕೊನೆಭಾಗದವನ ಪೈರು ಒಣಗುತ್ತದೆ. ನೀರಿನ ಜಗಳಗಳಿಗೇನೂ ಬರಗಾಲವಿರಲಿಲ್ಲ, ಗುದ್ದಲಿ ಹಿಡಿದು ರಾತ್ರಿ ಕಾಲುವೆ ಕಾಯುವ ಕಥೆಗಳು ಎಲ್ಲ ಊರಿನಲ್ಲಿಯೂ ಇವೆ. ಆದರೆ ಮಡಿಗೆ ಹರಿದ ನೀರು ಮುಂದಿನ ಮಡಿಗೆ ದಾಟುವ ಮುನ್ನ ಹೊಲದ ಒಡೆಯನ ಕುಲವನ್ನಾಗಲಿ ಮತವನ್ನಾಗಲಿ ಕೇಳುವಂತಿಲ್ಲ. ಮುಸ್ಲಿಮ್ ಮನೆಗಳು ದೊಡ್ಡ ಸಂಖ್ಯೆಯಲ್ಲಿರುವ ಕೆರೆಬಿಳಚಿಗೂ ಸುತ್ತಲಿನ ಊರುಗಳಿಗೂ ಇದೇ ನೀರಿನ ಸಂಬಂಧ.

ಕಸುಬುಗಳ ಸಂಬಂಧವೂ ಹೀಗೆಯೇ ಹೆಣೆದುಕೊಂಡಿತ್ತು. ಎತ್ತಿಗೆ ಲಾಳ ಕಟ್ಟುವವರು, ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು, ಅರಳೆ ಹಿಂಜಿ ಹಾಸಿಗೆ ತುಂಬುವ ಪಿಂಜಾರರು ನಮ್ಮ ಸಮುದಾಯದವರು. ಅವರ ಗಿರಾಕಿಗಳು ಎಲ್ಲ ಕೇರಿಗಳಲ್ಲಿಯೂ ಇದ್ದರು. ಬಳಿಕ ಅಡಿಕೆ ಬಂದಿತು. ಚನ್ನಗಿರಿ ಸೀಮೆಯಲ್ಲಿ ಇಂದು ಗದ್ದೆಗಳೆಷ್ಟೋ ತೋಟಗಳಾಗಿವೆ. ತೋಟದ ಫಸಲನ್ನು ಮರದಲ್ಲಿರುವಾಗಲೇ ಒಪ್ಪಿಕೊಂಡು ಖೇಣಿ ಹಿಡಿಯುವವನಿಗೂ ತೋಟದ ಒಡೆಯನಿಗೂ ನಡುವೆ ಇರುವುದು ಬಹುಪಾಲು ಬಾಯಿಮಾತು. ಕೊಯ್ಲಿನ ದಿನಗಳಲ್ಲಿ ಮನೆಯಂಗಳದಲ್ಲಿ ಮೆಟ್ಟುಗತ್ತಿಗಳ ಸಾಲು, ಸುಲಿಯುವ ಹೆಂಗಸರ ಮಾತು, ಹಂಡೆಯಲ್ಲಿ ಕುದಿಯುವ ಚೊಗರಿನ ವಾಸನೆ. ಆ ಸಾಲಿನಲ್ಲಿ ಬುರ್ಖಾ ಕಳಚಿಟ್ಟು ಕುಳಿತವರೂ ಹಣೆಗೆ ಕುಂಕುಮವಿಟ್ಟವರೂ ಒಂದೇ ರಾಶಿಯಿಂದ ಅಡಿಕೆ ತೆಗೆದುಕೊಂಡವರು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಹಳೆಯ ಹಳ್ಳಿ ಸ್ವರ್ಗವಾಗಿತ್ತೆಂಬ ಭ್ರಮೆ ಉಂಟಾಗುತ್ತದೆ. ಹಾಗಿರಲಿಲ್ಲ. ಮುಯ್ಯಿ ಸಾಮಾನ್ಯವಾಗಿ ಸರಿಸಮಾನರ ನಡುವಿನ ಲೆಕ್ಕ. ಎತ್ತಿಲ್ಲದವನಿಗೆ, ಹೊಲವಿಲ್ಲದವನಿಗೆ ಅದರಲ್ಲಿ ಸ್ಥಾನ ಕಡಮೆ. ಅಸ್ಪೃಶ್ಯರೆಂದು ದೂರವಿಟ್ಟವರಿಂದ ದುಡಿಮೆ ಪಡೆದ ಊರುಗಳು ಅವರಿಗೆ ಬಾವಿಯ ಹಗ್ಗ ಮುಟ್ಟಲು ಬಿಡಲಿಲ್ಲ. ಸಾರ್ವಜನಿಕ ಕೆರೆಯ ನೀರನ್ನು ಮುಟ್ಟುವುದಕ್ಕಾಗಿಯೇ 1927ರಲ್ಲಿ ಡಾ. ಬಿ.ಆರ್. ಅಂಬೇಡ್ಕರರು ಮಹಾಡಿನಲ್ಲಿ ಸತ್ಯಾಗ್ರಹ ನಡೆಸಬೇಕಾಯಿತು. ಬರ ಬಂದಾಗ ಮುಯ್ಯಿಯ ಬಲವೂ ಕುಸಿಯುತ್ತಿತ್ತು. ಧಾತು–ಈಶ್ವರ ಸಂವತ್ಸರಗಳ ಕ್ಷಾಮವೆಂದು ಹಿರಿಯರು ನೆನೆಯುತ್ತಿದ್ದ 1876–78ರ ಬರಗಾಲದ ಭೀಕರತೆ ಜನಗಣತಿಯಲ್ಲಿ ಕಾಣುತ್ತದೆ. 1871ರಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಎಲ್ಲರ ಹಗೇವುಗಳೂ ಬರಿದಾದಾಗ ಸಾಲ ಕೊಡುವ ನೆರೆಯವನೆಲ್ಲಿ? ಹಳ್ಳಿಯ ಪರಸ್ಪರ ಸಹಾಯವನ್ನು ಕೊಂಡಾಡುವ ಭರದಲ್ಲಿ ಸರಕಾರದ ಹೊಣೆಯನ್ನು ಮರೆಯುವುದು ಸಲ್ಲದು. ಈ ಸಹಾಯವನ್ನು ಬರವಣಿಗೆಗೆ ಇಳಿಸಿ, ಷೇರು ಮತ್ತು ಲೆಕ್ಕಪತ್ರಗಳ ಮೇಲೆ ನಿಲ್ಲಿಸುವ ಪ್ರಯತ್ನ 1905ರಲ್ಲಿ ಗದಗ ಬಳಿಯ ಕಣಗಿನಹಾಳದ ಸಹಕಾರ ಸಂಘದಿಂದ ಆರಂಭವಾಯಿತು. ಅಡಿಕೆ ಬೆಳೆಗಾರರ ಸಂಘ, ಹಾಲಿನ ಡೇರಿ, ಪತ್ತಿನ ಸಂಘ ಎಲ್ಲವೂ ಆ ವಂಶದವೇ.

ಇನ್ನು ರಾಜಕೀಯದ ಮಾತು. ರಾಜಕೀಯವು ಹಳ್ಳಿಯ ಸಾಮರಸ್ಯವನ್ನು ಕೆಡಿಸಿತು ಎಂದು ಹಲವರು ಸುಲಭವಾಗಿ ಹೇಳಿಬಿಡುತ್ತಾರೆ. ನಾವು ಅದನ್ನು ಪೂರ್ತಿಯಾಗಿ ಒಪ್ಪಲಾರೆವು. ಚನ್ನಗಿರಿ ತಾಲ್ಲೂಕು ಅಂದು ಸೇರಿದ್ದ ಶಿವಮೊಗ್ಗ ಜಿಲ್ಲೆಯಲ್ಲೇ, ಸಾಗರದ ಬಳಿಯ ಕಾಗೋಡಿನಲ್ಲಿ, 1951ರಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದು ನಿಂತರು. ಗೇಣಿ ಅಳೆಯುವ ಕೊಳಗ ಸರಿಯಾದ ಅಳತೆಯದಾಗಿರಬೇಕು ಎಂಬುದು ಅವರ ಬೇಡಿಕೆಗಳಲ್ಲಿ ಒಂದು. ಸಮಾಜವಾದಿಗಳು ಬೆಂಬಲಕ್ಕೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ದೊಡ್ಡ ಕೊಳಗದಲ್ಲಿ ಅಳೆದುಕೊಂಡು, ಹಬ್ಬಕ್ಕೆ ನಾಲ್ಕು ಸೇರು ಅಕ್ಕಿ ಕೊಡುವುದು ನೆರೆಹೊರೆಯ ಧರ್ಮವಲ್ಲ. ಅಳತೆ ಮತ್ತು ತೂಕದಲ್ಲಿ ವಂಚಿಸುವವರಿಗೆ ಕುರ್‌ಆನ್ ಒಂದು ಅಧ್ಯಾಯವನ್ನೇ ಎಚ್ಚರಿಕೆಯಾಗಿ ಮೀಸಲಿಟ್ಟಿದೆ. ಮುಂದೆ ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿ ಜಾರಿಯಾದಾಗ, ಹಳ್ಳಿ ಹಳ್ಳಿಗಳಲ್ಲಿ ಗೇಣಿದಾರರು ಏಳನೆಯ ನಮೂನೆಯ ಅರ್ಜಿ ತುಂಬಿದರು. ಒಂದೇ ಬೀದಿಯ ಒಡೆಯನೂ ಗೇಣಿದಾರನೂ ಭೂ ನ್ಯಾಯಮಂಡಳಿಯ ಮುಂದೆ ಎದುರುಬದುರಾಗಿ ನಿಂತರು. ಕೆಲವು ಮನೆಗಳ ನಡುವೆ ಮಾತು ನಿಂತಿತು, ಮುಯ್ಯಿ ಮುರಿಯಿತು. ಅದಕ್ಕಾಗಿ ಆ ಅರ್ಜಿ ತುಂಬಬಾರದಿತ್ತೇ? ಹಕ್ಕನ್ನು ಕೇಳುವುದರಿಂದ ಮುರಿಯುವ ನಂಟು ಮೊದಲೇ ಬಿರುಕು ಬಿಟ್ಟದ್ದು.

ನಮ್ಮ ತಾಲ್ಲೂಕು ಇಂಥ ವಾದವಿವಾದಗಳಲ್ಲಿ ಹಿಂದೆ ಬಿದ್ದುದಲ್ಲ. ಇದೇ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಸಮಾಜವಾದಿಯಾಗಿ 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರೆನಿಸಿದರು. ಅವರು ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ, ದಾವಣಗೆರೆ ಜಿಲ್ಲೆ ಉದಯವಾಗಿ ಚನ್ನಗಿರಿ ಅದಕ್ಕೆ ಸೇರಿತು. ಆದರೆ ಹಳ್ಳಿಯ ಬೀದಿಗೆ ಮತಪೆಟ್ಟಿಗೆಯನ್ನು ನಿಜವಾಗಿ ತಂದವರೆಂದು ನಾವು ನೆನೆಯುವುದು ಅಬ್ದುಲ್ ನಝೀರ್ ಸಾಬರನ್ನು. ಗುಂಡ್ಲುಪೇಟೆಯಿಂದ ಬಂದ ಅವರು ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯ ಮಂತ್ರಿಯಾಗಿದ್ದರು. ಊರೂರಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎಂಬ ಹೆಸರು ಪಡೆದರು. 1983ರ ಪಂಚಾಯತ್ ಕಾಯಿದೆಯ ಹಿಂದಿನ ಶಕ್ತಿ ಅವರೇ. ಆ ಕಾಯಿದೆಯ ಅಡಿಯಲ್ಲಿ 1987ರಲ್ಲಿ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು, ಹೆಂಗಸರಿಗೆ ನಾಲ್ಕರಲ್ಲಿ ಒಂದು ಪಾಲಿನ ಸ್ಥಾನ ಮೀಸಲಾಯಿತು. ಮರುವರ್ಷ, 1988ರಲ್ಲಿ, ಸಾಬರು ನಿಧನರಾದರು. ಕೈಪಂಪಿನ ಮುಂದೆ ಎಲ್ಲ ಕೇರಿಯ ಕೊಡಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದವರೂ ಅವರೇ, ಆ ಸಾಲಿನಲ್ಲಿದ್ದವರು ಬೇರೆ ಬೇರೆ ಗುರುತಿಗೆ ಮತ ಹಾಕುವ ಅಧಿಕಾರವನ್ನು ಬಲಪಡಿಸಿದವರೂ ಅವರೇ. ಎರಡೂ ಕೂಡಿರಬಲ್ಲವು ಎಂಬ ನಂಬಿಕೆಯಿಲ್ಲದೆ ಯಾರೂ ಅಂಥ ಕೆಲಸಕ್ಕೆ ಕೈಹಾಕಲಾರರು.

1993ರ ಪಂಚಾಯತ್ ರಾಜ್ ಕಾಯಿದೆ ಬಂದ ಮೇಲೆ ಗ್ರಾಮ ಪಂಚಾಯತಿ ಚುನಾವಣೆ ಪಕ್ಷರಹಿತವಾಗಿ ನಡೆಯಬೇಕೆಂಬ ನಿಯಮವಾಯಿತು. ನಿಯಮ ಕಾಗದದಲ್ಲಿದೆ. ಊರಿನಲ್ಲಿ ‘ಅವರ ಪಾರ್ಟಿ’, ‘ಇವರ ಪಾರ್ಟಿ’ ಎಂಬುದು ಎಲ್ಲರಿಗೂ ಗೊತ್ತು. ವಿಧಾನಸಭೆಯ ಮತಕ್ಕಿಂತ ಪಂಚಾಯತಿಯ ಮತ ಹೆಚ್ಚು ನೋಯಿಸುತ್ತದೆ, ಏಕೆಂದರೆ ಹತ್ತಾರು ಮತಗಳಲ್ಲಿ ಸೋತವನಿಗೆ ಯಾವ ಮನೆಯ ಮತ ತಪ್ಪಿತೆಂದು ಲೆಕ್ಕ ಸಿಗುತ್ತದೆ. ಆಗಲೇ ಮುಯ್ಯಿಯ ಇನ್ನೊಂದು ಅರ್ಥ ಎದ್ದು ನಿಲ್ಲುವುದು. ನಲ್ಲಿಯ ಪೈಪು ಒಂದು ಬೀದಿಯ ಮುಂದೆ ನಿಂತುಹೋಗುತ್ತದೆ, ಮನೆಯ ಮಂಜೂರಾತಿ ಪಟ್ಟಿಯಿಂದ ಹೆಸರೊಂದು ಜಾರುತ್ತದೆ, ಕಿರಾಣಿ ಅಂಗಡಿಯ ಗಿರಾಕಿಗಳು ಬದಲಾಗುತ್ತಾರೆ. ಇದು ತೀವ್ರವಾದಾಗ ಬಹಿಷ್ಕಾರವಾಗುತ್ತದೆ. ಬೆಂಕಿ, ನೀರು, ಕೊಡುಕೊಳ್ಳುವಿಕೆಗಳನ್ನು ನಿಲ್ಲಿಸುವ ಈ ಶಿಕ್ಷೆ ಎಷ್ಟು ಬೇರೂರಿತ್ತೆಂದರೆ ನೆರೆಯ ಮಹಾರಾಷ್ಟ್ರ ಸಾಮಾಜಿಕ ಬಹಿಷ್ಕಾರದ ವಿರುದ್ಧವೇ ಪ್ರತ್ಯೇಕ ಕಾಯಿದೆಯನ್ನು ಮಾಡಿತು.

ಬಹಿಷ್ಕಾರವೆಂದರೇನೆಂದು ನಮ್ಮ ಸಮುದಾಯದ ಚರಿತ್ರೆಯ ಮೊದಲ ಪುಟಗಳೇ ಬಲ್ಲವು. ಪ್ರವಾದಿತ್ವದ ಏಳನೆಯ ವರ್ಷದಲ್ಲಿ ಮಕ್ಕಾದ ಕುರೈಶ್ ಮುಖಂಡರು ಬನೂ ಹಾಶಿಮ್ ಮತ್ತು ಬನೂ ಮುತ್ತಲಿಬ್ ಮನೆತನಗಳೊಂದಿಗೆ ಮದುವೆ, ವ್ಯಾಪಾರ ಯಾವುದನ್ನೂ ಮಾಡಬಾರದೆಂದು ಒಪ್ಪಂದ ಬರೆದು ಕಅಬಾದಲ್ಲಿ ತೂಗುಹಾಕಿದರು. ಶಿಅಬ್ ಅಬೂತಾಲಿಬ್ ಕಣಿವೆಯಲ್ಲಿ ಸುಮಾರು ಮೂರು ವರ್ಷ ಮಕ್ಕಳು ಹಸಿವಿನಿಂದ ಅತ್ತರು. ಈ ಕಥೆಯನ್ನು ನಮ್ಮ ಮದ್ರಸಗಳಲ್ಲಿ ತಾಳ್ಮೆಯ ಪಾಠವಾಗಿ ಹೇಳಲಾಗುತ್ತದೆ. ಆದರೆ ಇದರಲ್ಲಿ ನೆರೆಹೊರೆಯ ಪಾಠವೂ ಇದೆ, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಹಿಶಾಮ್ ಬಿನ್ ಅಮ್ರ್ ಎಂಬವರು ರಾತ್ರಿಯ ಹೊತ್ತು ಒಂಟೆಯ ಮೇಲೆ ಧಾನ್ಯ ಹೇರಿ, ಕಣಿವೆಯ ಬಾಯಿಗೆ ತಂದು, ಮೂಗುದಾರ ಕಳಚಿ, ಪಕ್ಕೆಗೆ ತಟ್ಟಿ ಒಳಗೆ ಅಟ್ಟಿಬಿಡುತ್ತಿದ್ದರು. ಹಕೀಮ್ ಬಿನ್ ಹಿಝಾಮ್ ತಮ್ಮ ಸೋದರತ್ತೆ ಹಝ್ರತ್ ಖದೀಜಾ(ರ)ರಿಗೆ ಗೋಧಿ ಕೊಂಡೊಯ್ಯುವಾಗ ಅಬೂಜಹಲ್ ಅಡ್ಡಗಟ್ಟಿದನು. ಆಗ ಅಬುಲ್ ಬಖ್ತರಿ ಮಧ್ಯೆ ಬಂದು, ಅತ್ತೆಯ ಅನ್ನವನ್ನು ಅವಳಿಗೆ ತಲುಪಿಸುವವನನ್ನು ತಡೆಯಲು ನೀನಾರು ಎಂದು ಕೇಳಿ, ಕೈಗೆ ಸಿಕ್ಕ ಒಂಟೆಯ ದವಡೆಯೆಲುಬಿನಿಂದ ಅವನಿಗೆ ಬಾರಿಸಿದನು. ಇವರಲ್ಲಿ ಯಾರೂ ಆಗ ಮುಸ್ಲಿಮರಾಗಿರಲಿಲ್ಲ. ಅಬುಲ್ ಬಖ್ತರಿಯಂತೂ ಕೊನೆಯವರೆಗೂ ಎದುರು ಪಾಳೆಯದಲ್ಲೇ ಇದ್ದು ಬದ್ರ್‌ನಲ್ಲಿ ಮಡಿದನು.

ಆ ಒಪ್ಪಂದವನ್ನು ಮುರಿಯಲು ಮುಂದಾದ ಐವರಲ್ಲಿ ಮುತ್‌ಇಮ್ ಬಿನ್ ಅದಿಯ್ಯ್ ಒಬ್ಬರು. ಪ್ರವಾದಿ ಮುಹಮ್ಮದ್(ಸ)ರು ತಾಯಿಫ್‌ನಿಂದ ನೊಂದು ಹಿಂದಿರುಗಿದಾಗ ಅವರಿಗೆ ರಕ್ಷಣೆ ಕೊಟ್ಟು ಮಕ್ಕಾದೊಳಗೆ ಕರೆತಂದವರೂ ಇವರೇ. ಅರಬಿಯಲ್ಲಿ ಆ ರಕ್ಷಣೆಗೆ ‘ಜಿವಾರ್’ ಎಂಬ ಹೆಸರು, ನೆರೆಯವನಿಗೆ ‘ಜಾರ್’ ಎಂಬ ಹೆಸರು. ಎರಡೂ ಒಂದೇ ಬೇರಿನ ಪದಗಳು. ಮುತ್‌ಇಮ್ ಇಸ್ಲಾಮ್ ಸ್ವೀಕರಿಸದೆಯೇ ತೀರಿಕೊಂಡರು. ಆದರೆ ಬದ್ರ್ ಯುದ್ಧದ ಕೈದಿಗಳು ಮುಂದೆ ನಿಂತಿದ್ದಾಗ ಪ್ರವಾದಿಯವರು(ಸ) ಅವರನ್ನೇ ನೆನೆದರು. ಮುತ್‌ಇಮ್ ಬದುಕಿದ್ದು ಇವರ ಪರವಾಗಿ ಒಂದು ಮಾತು ಕೇಳಿದ್ದರೆ ಎಲ್ಲರನ್ನೂ ಅವರಿಗಾಗಿ ಬಿಟ್ಟುಬಿಡುತ್ತಿದ್ದೆ ಎಂಬರ್ಥದ ಮಾತನ್ನು ಬುಖಾರಿ ಸಂಗ್ರಹ ವರದಿ ಮಾಡಿದೆ. ಸತ್ತವನ ಋಣವನ್ನೂ ಸಜೀವವಾಗಿ ಇಟ್ಟುಕೊಳ್ಳುವುದು ಇದು. ನಮ್ಮ ಹಳ್ಳಿಯ ಭಾಷೆಯಲ್ಲಿ ಹೇಳುವುದಾದರೆ, ಬಲ ಕೈಗೆ ಬಂದ ದಿನ ಮುಯ್ಯಿಯ ಎರಡು ಅರ್ಥಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬುದಕ್ಕೆ ಇದೊಂದು ಉತ್ತರ.

ಇತ್ತೀಚಿನ ವರ್ಷಗಳಲ್ಲಿ ನಾವು ಬಹಿಷ್ಕಾರದ ಬಿಸಿಯನ್ನು ಮತ್ತೆ ಉಂಡಿದ್ದೇವೆ. 2022ರ ಮಾರ್ಚ್ ತಿಂಗಳಲ್ಲಿ ಕರಾವಳಿಯ ಜಾತ್ರೆಗಳಲ್ಲಿ, ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ದೊರೆಯದೆ ಹೋಯಿತು. ಬಳೆ, ಆಟಿಕೆ, ಹಣ್ಣು ಮಾರಿ ಬದುಕುವ ಮನೆಗಳ ಒಲೆಯ ಮೇಲೆ ಅದರ ಪೆಟ್ಟು ಬಿದ್ದಿತು. ಆ ನೋವನ್ನು ನಾವು ಹೇಳಬೇಕು, ಗಟ್ಟಿಯಾಗಿಯೇ ಹೇಳಬೇಕು. ಜೊತೆಗೆ ನಮ್ಮ ಕೇರಿಯೊಳಗಿನ ಇನ್ನೊಂದು ಸಂಗತಿಯನ್ನೂ ಮುಚ್ಚಿಡುವಂತಿಲ್ಲ. ಮಸೀದಿಯ ಕಮಿಟಿಯ ಚುನಾವಣೆಯಲ್ಲಿ ಎದುರಾಳಿಯಾದ ಕಾರಣಕ್ಕೆ ಸಲಾಮ್ ನಿಲ್ಲಿಸಿದ ಸಹೋದರರು ನಮ್ಮಲ್ಲಿದ್ದಾರೆ. ಜಮಾಅತ್ ಬೇರೆ ಎಂಬ ಕಾರಣಕ್ಕೆ ಜನಾಝಾಕ್ಕೆ ಹೆಗಲು ಕೊಡದವರಿದ್ದಾರೆ. ಯಾವ ಪಕ್ಷಕ್ಕೆ ಮತ ಹಾಕಿದನೆಂದು ಕೇಳಿ ಅಳಿಯನನ್ನು ದೂರವಿಟ್ಟ ಮನೆಗಳಿವೆ. ಜಾತ್ರೆಯ ಬಹಿಷ್ಕಾರವನ್ನು ಖಂಡಿಸುವ ನಾಲಗೆಗೆ ಮನೆಯ ಬಹಿಷ್ಕಾರವನ್ನು ಸಮರ್ಥಿಸುವ ಹಕ್ಕು ಎಲ್ಲಿಂದ ಬರಬೇಕು?

ಕುರ್‌ಆನಿನ ‘ಮಾಊನ್’ ಅಧ್ಯಾಯ ನಮಾಝ್ ಮಾಡಿಯೂ ಸಣ್ಣಪುಟ್ಟ ಉಪಕಾರವನ್ನು ತಡೆಹಿಡಿಯುವವರನ್ನು ಎಚ್ಚರಿಸುತ್ತದೆ. ಆ ಪದಕ್ಕೆ ಹಝ್ರತ್ ಇಬ್ನು ಮಸ್‌ಊದ್(ರ) ಕೊಟ್ಟ ವಿವರಣೆಯಲ್ಲಿ ಬರುವುದು ಬಕೆಟ್ಟು ಮತ್ತು ಅಡುಗೆಯ ಪಾತ್ರೆ, ನೆರೆಯವರು ಪರಸ್ಪರ ಎರವಲು ಕೇಳುವ ವಸ್ತುಗಳು. ಅಂಥ ಎರವಲಿನ ಲೋಕ ಈಗ ಕಿರಿದಾಗುತ್ತಿದೆ. ಭತ್ತದ ಕೊಯ್ಲಿಗೆ ಯಂತ್ರ ಬಂದಿದೆ, ಗಂಟೆಗಿಷ್ಟು ಎಂದು ಕೊಟ್ಟರೆ ಸಾಯಂಕಾಲದೊಳಗೆ ಗದ್ದೆ ಬರಿದಾಗುತ್ತದೆ. ಅಡಿಕೆ ಸುಲಿಯುವ ಯಂತ್ರದ ಸದ್ದಿನಲ್ಲಿ ಮೆಟ್ಟುಗತ್ತಿಯ ಸಾಲು ಮರೆಯಾಗುತ್ತಿದೆ. ಕೊಳವೆಬಾವಿ ಕೊರೆಸಿಕೊಂಡವನಿಗೆ ನೀರುಗಂಟಿಯ ಹಂಗಿಲ್ಲ. ಬೆನ್ನು ಮುರಿಯುವ ದುಡಿಮೆ ಕಡಮೆಯಾದುದಕ್ಕೆ ಮರುಗುವವರು ನಾವಲ್ಲ. ಆದರೆ ಜಗಳವಾಡಿದ ಮರುದಿನವೂ ಎದುರುಮನೆಯ ಬಾಗಿಲು ಬಡಿಯುವಂತೆ ಮಾಡುತ್ತಿದ್ದ ಒತ್ತಡ ಹೋಯಿತು. ಹಿಂದಿನವರು ಬೇಕಾಗಿ ಬರುತ್ತಿದ್ದರು. ಇಂದು ಬರುವವನು ಬರಲೇಬೇಕೆಂದು ನಿಯ್ಯತ್ ಮಾಡಿ ಬರಬೇಕು.

ಹಾಗೆ ಬರುವವರಿದ್ದಾರೆ. 2021ರ ಕೊರೊನಾ ಎರಡನೆಯ ಅಲೆಯಲ್ಲಿ, ಸ್ವಂತದವರೇ ಶವದ ಹತ್ತಿರ ಹೋಗಲು ಹೆದರಿದಾಗ, ಕರ್ನಾಟಕದ ಹಲವೆಡೆ ಮುಸ್ಲಿಮ್ ಯುವಕರು ಹಿಂದೂಗಳ ಶವಗಳನ್ನು ಅವರವರ ವಿಧಿಯಂತೆ ಚಿತೆಗೇರಿಸಿದರು. ಅವರಲ್ಲಿ ಯಾರೂ ಸತ್ತವರ ಮತದ ಗುರುತನ್ನು ಕೇಳಲಿಲ್ಲ. ನಡುರಾತ್ರಿ ಹೆರಿಗೆಗೆ ಕಾರು ತೆಗೆಯುವವನು, ಅಪಘಾತದ ಸುದ್ದಿ ಕೇಳಿ ರಕ್ತ ಕೊಡಲು ದಾವಣಗೆರೆಗೆ ಬೈಕು ಹತ್ತುವವನು ಎಲ್ಲ ಊರಿನಲ್ಲಿಯೂ ಸಿಗುತ್ತಾನೆ, ಹಿಂದಿನ ದಿನ ಅವನೇ ಚಾದಂಗಡಿಯ ಕಟ್ಟೆಯ ಮೇಲೆ ಎದುರು ಪಾರ್ಟಿಯವರೊಡನೆ ಕಿರುಚಾಡಿರುತ್ತಾನೆ.

ಮದುವೆ ಮನೆಗಳಲ್ಲಿ ಮುಯ್ಯಿ ಬರೆಯುವ ಪದ್ಧತಿ ಮಾತ್ರ ನಮ್ಮಲ್ಲಿಯೂ ನೆರೆಯವರಲ್ಲಿಯೂ ಇನ್ನೂ ಉಳಿದಿದೆ. ಊಟದ ಪಂದಿಯ ಪಕ್ಕದಲ್ಲಿ ಒಬ್ಬರು ನೋಟುಪುಸ್ತಕ ಹಿಡಿದು ಕುಳಿತು ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತಾರೆ. ಆ ಪುಸ್ತಕವನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟು, ಪಟ್ಟಿಯಲ್ಲಿರುವವರ ಮನೆಯ ಮದುವೆ ಬಂದಾಗ ತೆಗೆದು ನೋಡುತ್ತಾರೆ. ಹಳೆಯ ಪುಸ್ತಕಗಳಲ್ಲಿ ಐದು ರೂಪಾಯಿ, ಎರಡು ಸೇರು ಅಕ್ಕಿ, ಒಂದು ಕುಪ್ಪಸದ ಬಟ್ಟೆ ಎಂಬ ಬರಹಗಳಿರುತ್ತವೆ. ಪಾಟೀಲರ ಹೆಸರಿನ ಕೆಳಗೆ ಪಿಂಜಾರರದು, ಅದರ ಕೆಳಗೆ ಕುರುಬರ ಮನೆಯವರದು. ಈ ಸಲದ ಪಂಚಾಯತಿ ಚುನಾವಣೆಯ ಮುಂಚೆಯೇ ಮಕ್ಕಳ ಮದುವೆ ನಿಶ್ಚಯವಾಗಿರುವ ಮನೆಗಳು ನಮ್ಮ ಓದುಗರಲ್ಲಿಯೂ ಇರಬಹುದು. ಆಮಂತ್ರಣ ಪತ್ರಿಕೆಗೆ ಹೆಸರು ಬರೆಯಲು ಕುಳಿತಾಗ ಆ ಹಳೆಯ ಪುಸ್ತಕವನ್ನು ಟ್ರಂಕಿನಿಂದ ತೆಗೆದು ಪಕ್ಕದಲ್ಲಿಟ್ಟುಕೊಳ್ಳಲಿ.